ಒಗ್ಗರಣೆ ನಿಂತ ಮನೆ

ಒಂದೂರಲ್ಲಿ ಒಬ್ಬ ಸಾಹುಕಾರ. ಹೆಸರು ಕೇಳಬೇಡಿ. ಹೆಸರು ಹೇಳಿದರೆ, ಓ ಅವನ್ಯಾರೋ, ನಾವಲ್ಲವಲ್ಲ ಅಂತ ಆರಾಮಾಗಿ ಈ ಗುಡಿ ಕಂಬಕ್ಕೆ ಒರಗಿಬಿಡ್ತೀರಿ. ಎಣ್ಣೆ ಗಿರಣಿ ಇಟ್ಟಿದ್ದ. ಊರಿಗೆಲ್ಲ ಒಗ್ಗರಣೆಗೆ ಎಣ್ಣೆ ಕೊಡೋನು ಅವನೇ. ಅವನ ಮನೇಲಿ ಮಾತ್ರ ಒಗ್ಗರಣೆ ಇಲ್ಲ! ನಗಬೇಡಿ, ಕೇಳಿ.

ಒಬ್ಬನೇ ಮಗ. ಸ್ಕೂಲಿಗೆ ಹೋಗೋ ಹುಡುಗ, ಜ್ವರ ಅಂತ ಮಲಗಿದೋನು ಏಳಲಿಲ್ಲ. ಸಾವಾದ ಮನೇಲಿ ಸೂತಕ ಕಳೆಯೋ ತನಕ ಒಗ್ಗರಣೆ ಹಾಕಲ್ಲ, ನಿಮಗೆಲ್ಲ ಗೊತ್ತು. ಸರಿ, ಸೂತಕ ಕಳೀತು, ನೆಂಟರು ಬಂದರು, ಹೆಂಡತಿ ಬಾಣಲೆ ಇಟ್ಟಳು. ಸಾಹುಕಾರ ಒಳಗೆ ಬಂದವನೇ ಸಾಸಿವೆ ಡಬ್ಬಿ ಎತ್ತಿ ಹಿತ್ತಲಿಗೆ ಸುರಿದ. ನನ್ನ ಮಗ ಮಣ್ಣಲ್ಲಿರುವಾಗ ಈ ಮನೇಲಿ ಸಾಸಿವೆ ಸಿಡಿಯಬೇಕಾ ಅಂತ ಕೇಳಿದ. ಬಾಣಲೆಯನ್ನೂ ತಾನೇ ಕೆಳಗಿಳಿಸಿದ.

ಅವತ್ತು ನಿಂತ ಒಗ್ಗರಣೆ ವರ್ಷಗಟ್ಟಲೆ ನಿಂತೇ ಇತ್ತು. ಬೇಯಿಸಿದ ಬೇಳೆ, ಅನ್ನ, ಉಪ್ಪು. ಊರವರು ಎಂಥಾ ತಂದೆಯಪ್ಪಾ ಅಂದರು. ಆ ಮಾತು ಅವನಿಗೂ ಹಿತವಾಗಿತ್ತು ನೋಡಿ! ಆದರೆ ಹೆಂಡತಿ ಸೊರಗುತ್ತಾ ಬಂದಳು. ಕೈಯಲ್ಲಿ ಬಳೆ ನಿಲ್ಲದು. ಡಾಕ್ಟರು ಕಾಯಿಲೆ ಏನೂ ಇಲ್ಲ ಅಂದರು, ಟಾನಿಕ್ ಬರೆದರು. ಮಗ ಹೋದ, ಇವಳೂ ಹೋಗಿಬಿಟ್ಟರೆ ಏನು ಗತಿ ಅಂತ ಸಾಹುಕಾರನಿಗೆ ಒಳಗೊಳಗೇ ಜೀವ ಹಾರುತ್ತಿತ್ತು. ದಿನಾ ಮಧ್ಯಾಹ್ನ ಗುಡಿಗೆ ಹೋಗಿಬರ್ತೀನಿ ಅಂತ ಅವಳು ಕೇಳಿದಾಗ ಸಂತೋಷವಾಗಿ ಒಪ್ಪಿದ. ದೇವರಾದರೂ ಕಾಪಾಡಲಿ.

ಒಂದು ಮಧ್ಯಾಹ್ನ ಗಿರಣಿಯ ಹಿಂದಿನ ಗಲ್ಲಿಯಲ್ಲಿ ಬರ್ತಾ ಇದ್ದಾನೆ. ಘಮ್ ಅಂತ ಬೆಳ್ಳುಳ್ಳಿ ಒಗ್ಗರಣೆ. ಎಲ್ಲಿಂದ? ಊಟದೆಲೆ ಹಚ್ಚೋ ಹೆಂಗಸಿನ ಗುಡಿಸಲಿಂದ. ಅವಳ ಗಂಡ ತೀರಿಹೋಗಿ ಇನ್ನೂ ಎರಡು ತಿಂಗಳಾಗಿಲ್ಲ. ಸಾಹುಕಾರನಿಗೆ ಮೈಯೆಲ್ಲ ಉರೀತು. ಇವಳಿಗೆ ಗಂಡ ಸತ್ತದ್ದು ಇಷ್ಟೇನಾ? ಬಾಯಿಗೆ ಬಂದ ಹಾಗೆ ಬೈಯಬೇಕು ಅಂತಲೇ ಬಾಗಿಲು ತಳ್ಳಿದ.

ತಳ್ಳಿದವನು ಅಲ್ಲೇ ನಿಂತ. ಒಲೆಯ ಪಕ್ಕ ಕಾಲು ಮಡಚಿ, ಮುತ್ತುಗದ ಎಲೆ ಮುಂದಿಟ್ಟುಕೊಂಡು ಸಾರನ್ನ ಉಣ್ಣುತ್ತಾ ಕೂತಿದ್ದಾಳೆ ಅವನ ಹೆಂಡತಿ!

ಆಳು ಕಾಳು ಇರೋ ಮನೆಯಾಕೆ. ಗುಡಿಗೆ ಹೋದವಳು. ಕಣ್ಣು ನೋಡಿದ್ದನ್ನ ಬುದ್ಧಿ ಒಪ್ಪಲೊಲ್ಲದು. ಎಲೆ ಹಚ್ಚುವಾಕೆ ಹೆದರಿ ಸೌಟು ಹಿಡಿದೇ ಎದ್ದು ನಿಂತಳು. ಹೆಂಡತಿ ಏಳಲಿಲ್ಲ. ಕೈ ಕೂಡ ತೊಳೆಯಲಿಲ್ಲ. ಅವನನ್ನೇ ನೋಡುತ್ತಾ ಹೇಳಿದಳು:

"ನಮ್ಮ ಮಗ ಸ್ಕೂಲಿಂದ ಬರೋ ಹೊತ್ತಿಗೆ ನಾನು ಬೆಳ್ಳುಳ್ಳಿ ಒಗ್ಗರಣೆ ಹಾಕ್ತಿದ್ದೆ. ವಾಸನೆಗೆ ಬೀದಿಯಿಂದಲೇ ಕೂಗ್ತಿದ್ದ. ಈಗಲೂ ಈ ವಾಸನೆ ಬಂದರೆ ಅವನು ಬಾಗಿಲಿಗೆ ಬಂದ ಹಾಗಾಗುತ್ತೆ. ಜ್ವರ ಅವನನ್ನ ಒಂದು ಸಲ ಕರಕೊಂಡು ಹೋಯ್ತು. ನೀವು ದಿನಾ ಮನೆಯಿಂದ ಆಚೆ ಹಾಕ್ತಿದ್ದೀರಿ."

ಅಯ್ಯೋ ದೇವರೇ! ಇಷ್ಟು ವರ್ಷ ಯಾರಿಗೋಸ್ಕರ ಬಾಯಿ ಕಟ್ಟಿದ್ದನೋ, ಅವನಿಗೇ ಬಾಗಿಲು ಹಾಕಿದ್ದನಾ? ಅಲ್ಲೇ ನೆಲದ ಮೇಲೆ ಕೂತ. ಎಲೆ ಹಚ್ಚುವಾಕೆ ಅವನ ಮುಂದೂ ಒಂದು ಎಲೆ ಹಾಕಿ ಬಡಿಸಿದಳು. ನಮ್ಮೆಜಮಾನರಿಗೂ ಇದೇ ಇಷ್ಟ ಸ್ವಾಮಿ, ಒಗ್ಗರಣೆ ಹಾಕದೇ ಹೋದರೆ ಮನೆ ತೀರಾ ಖಾಲಿ ಅನ್ನಿಸುತ್ತೆ ಅಂದಳು. ಮೊದಲ ತುತ್ತಿಗೇ ಅವನಿಗೆ ಹುಡುಗನ ಕೂಗು ಕೇಳಿಸಿತು, ಅಮ್ಮಾ ಹಸಿವು ಅಂತ. ಗಂಡಸು, ಊರ ಸಾಹುಕಾರ, ಗಳಗಳ ಅತ್ತುಬಿಟ್ಟ. ಅಳುತ್ತಲೇ ಉಂಡ. ಅವತ್ತು ಸಂಜೆ ತಾನೇ ಅಡುಗೆಮನೆಯಲ್ಲಿ ಕೂತು ಬೆಳ್ಳುಳ್ಳಿ ಬಿಡಿಸಿಕೊಟ್ಟ.

ಈಗ ಸಾಹುಕಾರನ್ನ ಬಿಡಿ, ನಿಮ್ಮನೆಗೆ ಬರೋಣ. ಸೂತಕಕ್ಕೆ ಹಿರಿಯರು ಒಂದು ಕೊನೆ ಅಂತ ಯಾಕಿಟ್ಟರು? ದುಃಖ ಅಷ್ಟಕ್ಕೇ ಮುಗಿಯುತ್ತೆ ಅಂತಲಾ? ಅಲ್ಲಪ್ಪಾ. ಮುಗಿಯಲ್ಲ ಅಂತ ಗೊತ್ತಿದ್ದೇ ಇಟ್ಟರು. ದುಃಖ ಇರುತ್ತೆ, ಅದರ ಜೊತೆಗೇ ಒಲೆಯೂ ಉರೀಬೇಕು.

ಅಲ್ಲಿ ಮೂಲೇಲಿ ಕೂತಿರೋ ತಾಯಿ, ಮಗಳು ಹೋದ ಮೇಲೆ ನೀವು ಅಂಗಳಕ್ಕೆ ರಂಗೋಲಿ ಹಾಕಿಲ್ಲ. ನೋಡ್ತೀನಲ್ಲ, ದಿನಾ ಆ ದಾರೀಲೇ ಬರ್ತೀನಿ. ನೀವು ಯಜಮಾನರೇ, ವ್ಯಾಪಾರ ಮುಳುಗಿದಾಗಿನಿಂದ ಸಂಜೆ ಜಗಲಿ ಮೇಲೆ ಕೂತು ಮಾತಾಡೋದನ್ನೇ ಬಿಟ್ಟಿರಿ. ಕಷ್ಟ ತಂದದ್ದು ವಿಧಿ ಅಂತೀರಿ, ಒಪ್ಪಿದೆ. ಬಾಣಲೆ ಕೆಳಗಿಳಿಸಿದ್ದು ಯಾರು? ಎದೆ ಮುಟ್ಟಿ ಹೇಳಿ, ಯಾರು?

ಅದಕ್ಕೇ ಇವತ್ತು ಮಂಗಳಾರತಿ ಆದ ಮೇಲೆ ನನ್ನ ಕಾಲಿಗೆ ಬೀಳೋಕೆ ಸಾಲು ನಿಲ್ಲಬೇಡಿ. ನೆಟ್ಟಗೆ ಮನೆಗೆ ಹೋಗಿ. ನಿಲ್ಲಿಸಿದ್ದು ಒಂದನ್ನ, ಒಂದೇ ಒಂದನ್ನ, ಮತ್ತೆ ಶುರುಮಾಡಿ. ಕಣ್ಣಲ್ಲಿ ನೀರು ಬಂದರೆ ಬರಲಿ, ಯಾರಾದರೂ ಕೇಳಿದರೆ ಒಗ್ಗರಣೆ ಘಾಟು ಅನ್ನಿ.