ಮುಚ್ಚಳ ತೆಗೆದ ಫ್ರಿಜ್

...ಇಲ್ಲ, ಕ್ಷಮಿಸು ಗುಬ್ಬಿ, ನಾನು ಇದನ್ನ ಸರಿಯಾಗಿ ಹೇಳ್ತಿಲ್ಲ. ಮತ್ತೆ ಮೊದಲಿಂದ ಬರ್ತೀನಿ... ಯಾಕೆ ನಗ್ತೀಯ? ಹೌದು, ಆಗಲೂ "ಮೊದಲಿಂದ" ಅಂದೆ, ಅದಕ್ಕೂ ಮುಂಚೆಯೂ ಅಂದೆ. ಸೋದರಮಾವ ಅಂದ್ಮೇಲೆ ಅಷ್ಟು ಸಹಿಸ್ಕೋಬೇಕಪ್ಪ.

ಕೂತ್ಕೋ. ಅಲ್ಲಲ್ಲ, ಆ ಮರದ ಪೆಟ್ಟಿಗೆ ಮೇಲೆ ಬೇಡ, ಈ ಸ್ಟೂಲ್ ಮೇಲೆ. ಪೆಟ್ಟಿಗೇಲಾ? ಏನಿಲ್ಲ, ಹಳೇ ಸಾಮಾನು.

ಇದೇ ನೋಡು ಆ ಫ್ರಿಜ್. ನಿಮ್ಮಮ್ಮ ಊರಿಗೆಲ್ಲ "ನನ್ನ ತಮ್ಮ ಫ್ರಿಜ್ ಕೆಲಸದಲ್ಲಿದ್ದಾನೆ" ಅಂತ ಸಾರಿಕೊಂಡು ಬಂದಿದ್ದಾಳಲ್ಲ, ಅದೇ. ನಿಮ್ಮ ಪಕ್ಕದ ಮನೆಯವರು ನನಗೆ ಫೋನ್ ಮಾಡಿ, "ಐಸ್ ಕಟ್ತಿಲ್ಲ, ಯಾವಾಗ ಬರ್ತೀರಿ?" ಅಂದಿದ್ರು! ಹೋಗಿದ್ದೆ ಕಣೇ. ನಗಬೇಡ! ಬಾಗಿಲಿನ ರಬ್ಬರ್ ಹೋಗಿತ್ತು, ಹಾಕಿಕೊಟ್ಟು ಬಂದೆ. ನನ್ನ ಇಷ್ಟು ವರ್ಷದ ಓದಿನಲ್ಲಿ ನಿಮ್ಮಮ್ಮ ಮೆಚ್ಚಿದ ಕೆಲಸ ಅದೊಂದೇ.

ಸರಿ. ಈ ಚಿನ್ನದ ಬಣ್ಣದ ತಟ್ಟೆಗಳು ಒಂದರ ಕೆಳಗೊಂದು ನೇತಾಡ್ತಿವೆಯಲ್ಲ? ಮೇಲಿನದಕ್ಕಿಂತ ಕೆಳಗಿನದು ತಣ್ಣಗೆ, ಅದಕ್ಕಿಂತ ಅದರ ಕೆಳಗಿನದು. ತೀರಾ ಕೆಳಗೆ ಒಂದು ಚಿಪ್, ನನ್ನ ಉಗುರಿನಷ್ಟು. ಕ್ವಾಂಟಮ್ ಕಂಪ್ಯೂಟರಿನ ಲೆಕ್ಕ ಮಾಡೋ ತುಣುಕುಗಳು, ಅಂದ್ರೆ ಕ್ಯೂಬಿಟ್ಟುಗಳು, ಇರೋದು ಅದರಲ್ಲೇ. ಆ ಜಾಗ ನಕ್ಷತ್ರಗಳ ನಡುವಿನ ಬಯಲಿಗಿಂತ ತಣ್ಣಗಿರಬೇಕು! ಒಂಚೂರು ಬಿಸಿ ಸೋಕಿದ್ರೂ ಪಾಪ, ಮಾಡ್ತಿದ್ದ ಲೆಕ್ಕ ಮರೆತುಬಿಡ್ತವೆ. ಅದಕ್ಕೇ ಡಬ್ಬಿಯ ಮೇಲೆ ಡಬ್ಬಿ ಹಾಕಿ, ಒಳಗಿನ ಗಾಳಿನೂ ಹೀರಿ, ಮುಚ್ಚಿಬಿಡ್ತೀವಿ. ಮುಚ್ಚಿದ್ಮೇಲೆ ಒಳಗಿನದು ಯಾರ ಕಣ್ಣಿಗೂ ಬೀಳಲ್ಲ. ಇವತ್ತು ನಿನಗೆ ಕಾಣ್ತಿದೆ ಅಂದ್ರೆ ನಿನ್ನ ಅದೃಷ್ಟ.

...ಡಬ್ಬಿಗಳಾ? ಅವು... ಸರ್ವಿಸ್. ಹ್ಞೂಂ, ಸರ್ವಿಸ್‌ಗೆ ತೆಗೆದಿದ್ದಾರೆ.

ನೀನು ಕೇಳಿದ್ದಕ್ಕೆ ಬರ್ತೀನಿ. ಇವತ್ತು ಸಂಜೆಯೊಳಗೆ ನಿಮ್ಮ ಹೆಡ್ ಮಿಸ್‌ಗೆ ಹೇಳ್ಬೇಕು ಅಲ್ವಾ? ಸ್ಕೂಲಿನ ಗಣಿತದ ಟೀಚರ್ ಕೆಲಸ ಪರ್ಮನೆಂಟಾಗಿ ಹಿಡೀತೀಯೋ, ಇಲ್ಲಾ ಬಿಟ್ಟು ಈ ಕ್ವಾಂಟಮ್ ಓದಿಗೆ ಬೀಳ್ತೀಯೋ ಅಂತ. ಮಾವ ಹೇಳಿದ ಹಾಗೆ ಮಾಡ್ತೀನಿ ಅಂತ ಬಂದಿದ್ದೀಯ. ಅಯ್ಯೋ, ಯಾರು ಹೇಳಿದ್ರು ನಿನಗೆ ಹಾಗೆ ಬರೋಕೆ... ಇರಲಿ, ಇರಲಿ.

ಈ ಕ್ಷೇತ್ರ ಬೆಳೀತಿದೆ. ಸುಳ್ಳಲ್ಲ, ನಿನ್ನಾಣೆ! ಮೊದಲೆಲ್ಲ ನಿಮ್ಮ ಹತ್ರ ಎಷ್ಟು ಕ್ಯೂಬಿಟ್ ಇದೆ, ನಮ್ಮ ಹತ್ರ ಎಷ್ಟಿದೆ ಅಂತ ಜಂಬ ಕೊಚ್ಕೋತಿದ್ವಿ. ಈಗ ಎಲ್ಲರ ತಲೇಲೂ ಒಂದೇ, ತಪ್ಪು ತಿದ್ದೋದು. ಅದು ಹೇಗೆ ಅಂದ್ರೆ... ಒಂದು ಸುದ್ದಿಯನ್ನ ನಿಮ್ಮಮ್ಮ ಒಬ್ಬಳಿಗೇ ಹೇಳು. ಸಂಜೆಗೆ ಅದು ಏನಾಗಿರುತ್ತೆ? ಹಾಂ! ಅದನ್ನೇ ಹತ್ತಾರು ಜನರ ನಡುವೆ ಹಂಚಿಡು. ಒಬ್ಬರು ಎಡವಟ್ಟು ಮಾಡಿದ್ರೆ ಉಳಿದವರು ಸೇರಿ ಅದ್ಯಾರು ಅಂತ ಹಿಡೀತಾರೆ. ಸುದ್ದಿಗೆ ಏನೂ ಆಗಲ್ಲ. ಹಾಗೇ, ಒಂದು ಕ್ಯೂಬಿಟ್ ಕೆಟ್ಟರೂ ಲೆಕ್ಕ ಕೆಡಲ್ಲ. ಇದು ಈಗ ನಿಜವಾಗ್ಲೂ ಕೈಗೆ ಸಿಗ್ತಿದೆ ಕಣೇ, ಬರೀ ಕಾಗದದ ಮೇಲಲ್ಲ!

ಕೆಲಸಗಳೂ ಹಾಗೇ. ಫಿಸಿಕ್ಸ್ ಅರೆದು ಕುಡಿದವರೇ ಬೇಕು ಅಂತಿಲ್ಲ. ಈ ವೈರು ಎಳೆಯೋರು ಬೇಕು, ಸಿಗ್ನಲ್ ಕಳಿಸೋ ಸರ್ಕ್ಯೂಟ್ ಮಾಡೋರು ಬೇಕು, ಪ್ರೋಗ್ರಾಂ ಬರೆಯೋರು ಬೇಕು. ನಾಳೆ ಈ ಯಂತ್ರ ಬೆಳೆದು ಬ್ಯಾಂಕಿನ ಗುಟ್ಟಿನ ಬೀಗ ಒಡೆದ್ರೆ? ಅದಕ್ಕೂ ಬಗ್ಗದ ಹೊಸ ಬೀಗ ಮಾಡೋರು ಇವತ್ತೇ ಬೇಕು. ನಿನ್ನ ಗಣಿತಕ್ಕೆ ಅದು ಹೇಳಿ ಮಾಡಿಸಿದ ಹಾಗಿದೆ. ಪರೀಕ್ಷೆ, ಸಂದರ್ಶನ, ಎಲ್ಲ ನಾನು ಹೇಳಿಕೊಡ್ತೀನಿ. ಇಲ್ಲೇ ಬಾ, ಈ ಮೇಜಿನ ಮುಂದೆ ಕೂತು...

ಬೆರಳು ಯಾಕೆ ಹಾಗೆ ನೋಡ್ಕೋತಿದ್ದೀಯ? ಧೂಳಾ? ತಟ್ಟೆ ಮೇಲಾ? ತಗೋ, ಕರ್ಚೀಫ್. ಕಸ ಗುಡಿಸೋರು ಎರಡು ದಿನದಿಂದ ಬಂದಿಲ್ಲ.

ಅಯ್ಯೋ, ಮುಖ್ಯವಾದದ್ದೇ ಮರೆತೆ. ಇದರ ಪಂಪಿನ ಸದ್ದು ಕೇಳ್ಬೇಕು ನೀನು! ಚಿಂವ್... ಚಿಂವ್... ಚಿಂವ್... ಫ್ರಿಜ್ ತಣ್ಣಗಿರೋವರೆಗೂ ನಿಲ್ಲೋ ಹಾಗೇ ಇಲ್ಲ. ನೀನೂ ಚಿಕ್ಕವಳಿದ್ದಾಗ ಹೀಗೇ ಬಾಯಿ ಮುಚ್ತಿರಲಿಲ್ಲ, ಅದಕ್ಕೇ ತಾನೆ ನಾನು ನಿನಗೆ ಗುಬ್ಬಿ ಅಂತ ಹೆಸರಿಟ್ಟದ್ದು? ಈ ಪಂಪನ್ನೂ ಲ್ಯಾಬಲ್ಲಿ ಗುಬ್ಬಿ ಅಂತಲೇ ಕರೀತೀವಿ. ನಾನೇ ಕಲಿಸಿದ್ದು. ಈ ಕೋಣೇಲಿ ಒಬ್ಬರ ಮಾತು ಒಬ್ಬರಿಗೆ ಕೇಳಿಸ್ಬೇಕಾದ್ರೆ ಗಂಟಲು ಹರಿಯೋ ಹಾಗೆ ಕೂಗ್ಬೇಕು. ಮನೆಗೆ ಹೋದ್ರೂ ಕೂಗೇ ಮಾತಾಡ್ತೀನಿ ಅಂತ ನಿಮ್ಮತ್ತೆ ಬೈತಾಳೆ...

...

ಏನು?

ಏನು ಕೇಳಿಸ್ಕೋತಿದ್ದೀಯ ಗುಬ್ಬಿ?

ಹೌದು... ನಾವು ಇಷ್ಟು ಹೊತ್ತು ಕೂಗದೇ ಮೆಲ್ಲಗೇ ಮಾತಾಡ್ತಿದ್ದೀವಿ, ಅಲ್ವಾ.

ಸರ್ವಿಸ್ ಅಂದೆನಲ್ಲಾ. ಸರ್ವಿಸ್ ಟೈಮಲ್ಲಿ ಪಂಪು ನಿಲ್ಲಿಸಲೇಬೇಕು. ಆಮೇಲೆ ಮತ್ತೆ... ಆ ಪೆಟ್ಟಿಗೆ ಕಡೆ ನೋಡಬೇಡ. ನನ್ನ ಕಡೆ ನೋಡು. ಬೇಡ, ನನ್ನ ಕಡೆಗೂ ನೋಡಬೇಡ. ಏನಾದ್ರೂ ಮಾತಾಡೇ! ಇಷ್ಟು ಹೊತ್ತು ಹತ್ತು ಪ್ರಶ್ನೆ ಕೇಳಿದವಳು ಈಗೇನು...

ಯಾರದು? ಹಾಂ, ಇಲ್ಲೇ ಇದ್ದೀನಿ! ಲಾರಿ ಬಂತಾ? ಒಂದು ನಿಮಿಷ, ಒಂದೇ ನಿಮಿಷ ನಿಂತ್ಕೊಳ್ಳಿ!

ನಮ್ಮ ಲ್ಯಾಬು ಮುಚ್ಚಿತು ಗುಬ್ಬಿ, ಫ್ರಿಜ್ಜನ್ನ ಬೇರೆ ಲ್ಯಾಬಿನವರು ತಗೊಂಡಿದ್ದಾರೆ, ಪಂಪು ಆಗಲೇ ಆ ಪೆಟ್ಟಿಗೇಲಿದೆ. ಒಳ್ಳೆಯವರೇ, ಚೆನ್ನಾಗಿ ನೋಡ್ಕೋತಾರೆ. ಅವರಲ್ಲಿ ಎಲ್ಲ ಹುಡುಗರೇ, ನನ್ನ ವಯಸ್ಸಿನವರು ಅವರಿಗೆ ಬೇಡ... ನಿಮ್ಮತ್ತೆಗೆ ಗೊತ್ತಿಲ್ಲ. ದಿನಾ ಬೆಳಿಗ್ಗೆ ಊಟದ ಡಬ್ಬಿ ಕಟ್ಟಿಕೊಡ್ತಾಳೆ, ಬರ್ತೀನಿ, ಇಲ್ಲಿ ಕೂತ್ಕೋತೀನಿ. ಇವತ್ತಿನ ತನಕ ಕೂತ್ಕೊಳ್ಳೋಕಾದ್ರೂ ಇದಿತ್ತು.

ಆದ್ರೆ ಈ ಕ್ಷೇತ್ರದ ಬಗ್ಗೆ ನಾನು ಹೇಳಿದ್ದು ಒಂದೂ ಸುಳ್ಳಲ್ಲ ಗುಬ್ಬಿ! ಬೀಗ, ವೈರು, ಕೆಲಸ, ಎಲ್ಲ ನಿಜ. ನನ್ನ ನೋಡಿ ನೀನು ಬೇಡ ಅನ್ನಬೇಡ. ಹಾಗಂತ ನನ್ನ ಮಾತು ಕೇಳಿ ಹ್ಞೂಂ ಅಂತಲೂ... ಅಯ್ಯೋ, ನಿನಗೆ ಹೇಗೆ ಬಿಡಿಸಿ ಹೇಳಲಿ? ಈ ಕ್ಷೇತ್ರ ಬೇರೆ, ನಾನು ಬೇರೆ. ಒಂದು ಕೆಟ್ಟರೂ ಲೆಕ್ಕ ಕೆಡಲ್ಲ ಅಂತ ಆಗಲೇ ಹೇಳಿದ್ನಲ್ಲ? ಆ ಕೆಟ್ಟದ್ದು ಇದೆಯಲ್ಲ, ಆ ಒಂದು, ಅದನ್ನ ಆಮೇಲೆ ಏನು ಮಾಡ್ತಾರೆ ಅಂದ್ರೆ...

ಹಾಂ, ಬಂದೆ! ಬಂದೆ ಅಂದ್ನಲ್ಲಪ್ಪ! ಕೆಳಗಿನ ತಟ್ಟೆಗೆ ಕೈ ಹಾಕಬೇಡಿ, ನಾನೇ ಬಿಚ್ಚಿಕೊಡ್ತೀನಿ...