ಮಾದೇವಿ ತಂದ ಮಿಷನ್ನು

ಹಾಂ, ಮತ್ತೆ ಕುಂಯ್ ಅಂತು! ತೋಡು, ತೋಡು. ಎಂತಾ ಸಿಕ್ತು? ತೋರ್ಸು ಇಲ್ಲಿ... ಬಲೆಯ ಸೀಸದ ಗುಂಡು! ನಾನು ಹೇಳ್ಲಿಲ್ವಾ? ಈ ಮಂಜಗುಣಿ ದಂಡೆಯಲ್ಲಿ ನಮ್ಮಪ್ಪ, ಅಜ್ಜ, ಬಲೆ ಎಳೆದವರೆಲ್ಲ ಉದುರಿಸಿ ಹೋದ ಗುಂಡು ಇವು. ಈ ಜನ್ಮ ಪೂರ್ತಿ ತೋಡಿದ್ರೂ ಮುಗಿಯೂದಿಲ್ಲ. ಬಿಸಾಡು. ಬಿಸಾಡು ಅಂದೆ!... ಮಡಿಲಲ್ಲಿ ಯಾಕೆ ಕಟ್ಕಂತಿ?

ಅಲ್ಲಾ ಮಾದೇವಿ, ನಾನು ನಿನ್ನ ಒಡಹುಟ್ಟಿದ ಅಣ್ಣ. ತರೂ ಮೊದ್ಲು ಒಂದು ಮಾತು ಕೇಳೂದಲ್ವಾ? ಕಿವಿಯ ಬೆಂಡೋಲೆ ಮಾರಿ, ಗೋವೆಗೆ ಹೋಗಿ, ಬುಧವಾರದ ಸಂತೆಯಲ್ಲಿ ಯಾವನೋ ಬಂಗಾರದ ಹಲ್ಲಿನ ಬಿಳಿಯನ ಹತ್ರ ಹಳೇ ಮಿಷನ್ನು ತಂದಿ. ಲೋಹ ಹುಡುಕೂ ಮಿಷನ್ನು! ಹೊಸದಾಗಿ ಕಲಿಯೂವವರಿಗೆ ಇದೇ ಸಾಕು ಅಂದ್ನಂತೆ. ಸಾಕು! ದಂಡೆಯ ಒದ್ದೆ ಹೊಯ್ಗೆ ಮೇಲೆ ಹಿಡಿದ್ರೆ ಉಪ್ಪಿಗೇ ಕೂಗ್ತದೆ. ಬೀರು ಬಾಟ್ಲಿ ಮುಚ್ಚಳಕ್ಕೂ ಹಾಂಗೇ ಕೂಗ್ತದೆ, ಬಂಗಾರಕ್ಕೂ ಹಾಂಗೇ ಕೂಗ್ತದೆ. ಒಂದು ಗೇಣು ಕೆಳಗೆ ಹೋದ್ರೆ ಪೂರಾ ಕಿವುಡು! ಇದಕ್ಕೆ ಬೆಂಡೋಲೆ ಕೊಟ್ಯಲ್ಲೇ! ಆ ಬಿಳಿಯ ನನ್ನ ಕೈಗೆ ಸಿಗಬೇಕಿತ್ತು. ಅವನ ಬಂಗಾರದ ಹಲ್ಲು ಉದುರಿಸಿ, ಈಗ ಹುಡುಕು ನೋಡ್ವಾ ಅಂತಿದ್ದೆ.

ಯಾಕೆ ನಗ್ತಿ?... ಹೌದು, ಆಚೆಮನೆ ಮಂಗಲಾಳ ಮೂಗುಬೊಟ್ಟು ಸಿಕ್ತು. ಒಪ್ಪಿದೆ. ಒಣ ಹೊಯ್ಗೆ, ನಾಲ್ಕು ಬೆರಳು ಕೆಳಗಿತ್ತು, ಸಿಕ್ತು. ನಾಲ್ಕು ದಿನ ಬಿಸಿಲಲ್ಲಿ ಬೆಂದಿದ್ದಕ್ಕೆ ಒಂದು ಮೂಗುಬೊಟ್ಟು! ಅದೂ ಮಂದಿಯದು!

ನೀನು ಹುಡುಕೂದು ಕಿಶನನ ಬೆಳ್ಳಿ ಉಡದಾರ. ಮದುವೆಯಲ್ಲಿ ನಮ್ಮಪ್ಪನೇ ಅವನಿಗೆ ಕಟ್ಟಿದ್ದು, ಗೊತ್ತದೆ. ಆದ್ರೆ ಯಾವ ಗಂಡಸು ಉಡದಾರ ಬಿಚ್ಚಿ ಹೊಯ್ಗೆಯಲ್ಲಿ ಹುಗಿದಿಟ್ಟು ಹೋಗ್ತಾನೆ, ಹೇಳು? ನಿನ್ನ ಗಂಡ ರತ್ನಾಗಿರಿಗೆ ಹೋಗಿದ್ದಾನೆ, ಟ್ರಾಲರ್ ಮೇಲೆ ಕೆಲಸಕ್ಕೆ. ಎಷ್ಟು ಸಲ ಹೇಳೂದು? ಸುನಾಮಿ ಆದಮೇಲೆ ಇಲ್ಲಿ ಮೀನೆಲ್ಲಿ ಅದೆ? ಮಳೆ ಹಿಡಿಯೂ ಮೊದ್ಲು ನಾನೇ ಅಂಕೋಲೆ ಬಸ್‌ಸ್ಟ್ಯಾಂಡಿಗೆ ಬಿಟ್ಟು ಬಂದೆ... ಎಂತಾ? ಮಳೆಗಾಲದಲ್ಲಿ ಟ್ರಾಲರ್ ಎಲ್ಲ ಕಟ್ಟಿ ಹಾಕಿರ್ತಾರೆ ಅಂತ ಯಾರು ಹೇಳಿದ್ದು ನಿನಗೆ? ಸುಬ್ಬನಾ? ಆ ಸುಬ್ಬನ ನಾಲಿಗೆ ಕೊಯ್ದು ಗಾಳಕ್ಕೆ ಸಿಕ್ಕಿಸ್ತೆ! ಐದು ತಿಂಗಳಾಯ್ತು, ಒಂದು ಫೋನಿಲ್ಲ, ಹೌದು. ಕುಡಿದು ನಿನ್ನ ಕೈ ಮುರಿದವ ಅಂವ. ಅವನಿಗಾಗಿ ಬೆಂಡೋಲೆ ಮಾರಿದ್ಯಲ್ಲೇ, ನಾಚಿಕೆ ಆಗೂದಿಲ್ವಾ?

ಈಗ ಆ ಮಿಷನ್ನಿನ ವಾಯರು ಕಿವಿಗೆ ಯಾಕೆ ಸಿಕ್ಕಿಸ್ಕಂಡಿ? ಕೂಗಿದ್ದು ನನಗೆ ಕೇಳಬಾರ್ದು ಅಂತಾ?

ಏ... ಎಲ್ಲಿ ಹೋಗ್ತಿ? ಆ ಬದಿಗೆ ಬೇಡ. ದೋಣಿ ಬದಿಗೆ ಬೇಡ ಅಂದೆ! ಅಲ್ಲಿ ಎಂತದೂ ಇಲ್ಲ, ಬರೀ ಮೊಳೆ, ತುಕ್ಕು... ಹಾಂಗೆಂತಾ ನೋಡ್ತಿ? ನಾರಳಿ ಹುಣ್ಣಿಮೆಗೆ ಎಲ್ಲರೂ ಸಮುದ್ರಕ್ಕೆ ಕಾಯಿ ಬಿಟ್ಟು ದೋಣಿ ಇಳಿಸಿದ್ರು, ನಾನೊಬ್ಬ ಯಾಕೆ ಇಳಿಸ್ಲಿಲ್ಲ ಅಂತಾ? ಹಲಗೆ ಕೊಳೆತು ಲಡ್ಡು ಹಿಡ್ದದೆ. ಅದಕ್ಕೇ ಮಂದಿ ದೋಣಿಗೆ ಕೂಲಿಗೆ ಹೋಗ್ತೆ. ಅಪ್ಪನ ದೋಣಿ ಮಗುಚಿ ಬಿದ್ದಲ್ಲೇ ಬಿದ್ದಿರ್ಲಿ, ನಿನಗೆಂತಾ? ಈಚೆಗೆ ಬಾ! ಮುಚ್ಚಿದ ತೆಂಗಿನ ಮಡಲು ಸರಿಸ್ಬೇಡ! ಮಾದೇವೀ!

...ಯಾಕೆ ನಿಂತಿ?

ಎಂತಾ ಕೇಳ್ತು? ಹೇಳು, ಎಂತಾ ಕೇಳ್ತದೆ ಅಲ್ಲಿ? ಗುಂಡು ಅದು. ಸೀಸದ ಗುಂಡು. ಇಲ್ಲಾ ಹಳೇ ಲಂಗರು... ಬಾಯಿ ಬಿಡೇ! ಜುಟ್ಟು ಹಿಡಿದು ಎಳೆದು ಎಸೀತೆ ಸಮುದ್ರಕ್ಕೆ, ನಿನ್ನನ್ನೂ ನಿನ್ನ ಮಿಷನ್ನನ್ನೂ! ತಲೆ ಒಡೀತೆ! ತಗೋ... ಇನ್ನೊಂದು ಬೇಕಾ? ತಗೋ! ಹೊಡೆದ್ರೂ ಅಳೂದಿಲ್ವಾ ನೀನು? ಕಾಲಾದ್ರೂ ಕೀಳು ಅಲ್ಲಿಂದ!

ಕೇಳ್ಲಿಕ್ಕೆ ಸಾಧ್ಯವೇ ಇಲ್ಲ! ಸುಳ್ಳು! ಒಂದು ಗೇಣಿನ ಮಿಷನ್ನು ಅದು, ನಾನು ಎದೆಮಟ ತೋಡಿದ್ದೆ! ನೀರು ಜಿನುಗೂ ತನಕ ತೋಡಿದ್ದೆ, ಅಷ್ಟು ಕೆಳಗಿಂದು ಅದಕ್ಕೆ ಹ್ಯಾಂಗೆ...

...

ಎಂತಾ ನೋಡ್ತಿ?

ನಿನ್ನ ಸಲುವಾಗಿ! ಕೇಳು, ನಿನ್ನ ಸಲುವಾಗಿ ಮಾಡ್ದೆ. ನಿನ್ನ ಮುಖ ಬಾತು ಕಣ್ಣೇ ಕಾಣ್ತಿರ್ಲಿಲ್ಲ. ಕಾರವಾರದ ಆಸ್ಪತ್ರೆ ತನಕ ಟೆಂಪೋದಲ್ಲಿ ನಿನ್ನ ತಲೆ ನನ್ನ ತೊಡೆ ಮೇಲಿತ್ತು. ಅಣ್ಣ ಆದವ ಸುಮ್ಮನೆ ಇರ್ತಾನಾ? ಹುಟ್ಟು ತಗಂಡು ಒಂದೇ ಏಟು ಹೊಡೆದೆ... ಒಂದಲ್ಲ. ಬಿದ್ದ ಮೇಲೂ ಹೊಡೆದೆ. ಹುಟ್ಟು ಎರಡು ತುಂಡಾಗೂ ತನಕ ಹೊಡೆದೆ. ದೋಣಿಯ ಹಲಗೆ ಮೇಲೆ ರಕ್ತ ಹಾರಿತ್ತು. ತೊಳೆದೆ, ಮತ್ತೆ ಮತ್ತೆ ತೊಳೆದೆ. ಅದಕ್ಕೇ ಮಗುಚಿ ಹಾಕಿದ್ದು.

ಕೊಡು ಅದು. ಕಿವಿಯದ್ದು ಕೊಡು ಇಲ್ಲಿ! ನಾನೂ ಕೇಳ್ತೆ ಎಂತಾ ಹೇಳ್ತದೆ ಅಂತ...

ಎಂತದೂ ಇಲ್ವಲ್ಲ.

ಒಂದು ಸೊಲ್ಲೂ ಇಲ್ಲ! ಕೂಗಲೇ ಇಲ್ವಾ ಇದು? ಮತ್ತೆ ನೀನು ಯಾಕೆ ನಿಂತೆ? ಸುಮ್ಮನೆ ನಿಂತಿದ್ಯಾ? ನಾನೇ... ಅಯ್ಯೋ, ನನ್ನ ಬಾಯಿಗೆ ಮಣ್ಣು ಹಾಕ!

ಹಾಂಗೆ ನೋಡಬೇಡ. ಬೈಯಿ. ಮುಖಕ್ಕೆ ಉಗಿ. ಆ ಮಿಷನ್ನೇ ತಗಂಡು ಹೊಡಿ, ನಾನು ಕೈ ಎತ್ತೂದಿಲ್ಲ. ಎಂತಾದ್ರೂ ಹೇಳೇ, ನಿನ್ನ ಕಾಲು ಹಿಡೀತೆ!

ಆಯ್ತು... ಆಯ್ತು, ಹೇಳ್ತೆ. ಆ ದಿನ ಅಂವ ಕುಡಿದಿರ್ಲಿಲ್ಲ. ಕುಡಿಯೂದು ಬಿಟ್ಟಿದ್ದ. ನಿನಗೆ ಮಾತು ಕೊಟ್ಟಿದ್ದ, ಅದು ನನಗೂ ಗೊತ್ತಿತ್ತು. ದೋಣಿಯಲ್ಲಿ ನಿನ್ನ ಪಾಲು ಕೇಳೂದಕ್ಕೆ ಬಂದಿದ್ದ. ಅಪ್ಪನ ದೋಣಿ, ಮಾದೇವಿಗೂ ಪಾಲು ಅದೆ ಅಲ್ವಾ ಭಾವಾ, ಅಂದ. ಸಮಾಧಾನದಲ್ಲೇ ಅಂದ. ಬೀಡಿ ಸಹ ಕೊಟ್ಟ ನನಗೆ. ನಿನ್ನ ಮುರಿದ ಕೈ ನನಗಾಗ ನೆನಪೇ ಇರ್ಲಿಲ್ಲ ಮಾದೇವಿ. ನನ್ನ ದೋಣಿ ಅಂತ ಒಂದೇ ಇತ್ತು ತಲೆಯಲ್ಲಿ.

ಏ... ಬೇಡ. ಕೈಯಲ್ಲಿ ತೋಡಬೇಡ ತಂಗೀ. ಉಗುರು ಕಿತ್ತು ಬರ್ತದೆ. ಆಳ ಅದೆ.