ಬನಪ್ಪ ಮಾಸ್ತರ ಕೊಂಡ ಒಂದೇ ಲೆನ್ಸು

ಶ್ರೀಮಂತರ ಕಥೆ ನಿನ್ನೆಗೆ ಮುಗಿಯಿತು. ಇವತ್ತು ಕಿಸೆ ಹಗುರವಾಗಿದ್ದ ಒಬ್ಬ ಮಾಸ್ತರನ ಕಥೆ ಕೇಳಿ. ನಗು ಬಂದರೆ ನಕ್ಕುಬಿಡಿ, ತಡೆದುಕೊಳ್ಳಬೇಡಿ. ಪ್ರವಚನಕ್ಕೆ ಬಂದವರು ಮುಖ ಗಂಟು ಹಾಕಿಕೊಂಡೇ ಕೂರಬೇಕು ಅಂತ ಯಾವ ಶಾಸ್ತ್ರವೂ ಹೇಳಿಲ್ಲ.

ಮಗ್ಗದ ಸದ್ದು ಕೇಳದ ಓಣಿಯೇ ಇಲ್ಲ, ಅಂಥದೊಂದು ಊರು. ಆ ಊರಿನಲ್ಲಿ ಬನಪ್ಪ ಅಂತ ಒಬ್ಬ ಡ್ರಾಯಿಂಗ್ ಮಾಸ್ತರ. ನೇಕಾರರ ಮನೆಯ ಕೊನೆಯ ಮಗ. ಅಣ್ಣಂದಿರಿಬ್ಬರೂ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತು ಕುಪ್ಪಸದ ಖಣ ನೇಯುವವರು. ಇವನೊಬ್ಬ ಶಾಲೆಯಲ್ಲಿ ಮಕ್ಕಳಿಗೆ ಮಾವಿನಹಣ್ಣು ಬಿಡಿಸುವುದನ್ನು ಕಲಿಸುತ್ತಿದ್ದ. ಇವನಿಗೆ ಫೋಟೊ ತೆಗೆಯುವ ಹುಚ್ಚು. ಎಂಥ ಹುಚ್ಚು? ಎಲ್ಲರೂ ಫೋನು ಎತ್ತಿ ಚಕ್ಕನೆ ಚಿತ್ರ ತೆಗೆಯುವ ಕಾಲದಲ್ಲಿ ಇವನು ಫಿಲ್ಮ್ ಹಾಕುವ ಹಳೆಯ ರೇಂಜ್‌ಫೈಂಡರ್ ಕ್ಯಾಮೆರಾವನ್ನು ಕೊರಳಿಗೆ ನೇತುಹಾಕಿಕೊಂಡು ತಿರುಗುತ್ತಿದ್ದ. ಅದರೊಳಗೆ ಕಣ್ಣಿಟ್ಟರೆ ಒಂದೇ ಮುಖ ಎರಡಾಗಿ ಕಾಣುತ್ತದೆ. ಉಂಗುರ ತಿರುಗಿಸಿ ಎರಡನ್ನೂ ಕೂಡಿಸಬೇಕು, ಕೂಡಿದರೆ ಚಿತ್ರ ಸ್ಪಷ್ಟ. ಬನಪ್ಪನಿಗೆ ಆ ಕೂಡಿಸುವ ಕೆಲಸವೇ ಪರಮಾನಂದ.

ಕೊರತೆ ಒಂದೇ. ಕ್ಯಾಮೆರಾದ ಜೊತೆಗೆ ಬಂದ ಲೆನ್ಸಿಗೆ ಅಗಲ ಸಾಲದು. ಮನೆಯ ಪಡಸಾಲೆಯಲ್ಲಿ ಒಂಬತ್ತು ಮಗ್ಗ, ಕಂಡಿಕೆಗೆ ನೂಲು ಸುತ್ತುವವರೂ ಸೇರಿ ಹನ್ನೊಂದು ಜನ. ಬಾಗಿಲಿಗೆ ಬೆನ್ನು ಹಚ್ಚಿ ನಿಂತು ತೆಗೆದರೂ ಚಿತ್ರದಲ್ಲಿ ಐದು ಜನ ಬರುತ್ತಿದ್ದರು, ಆರನೆಯವರ ಒಂದು ಕಿವಿ ಬರುತ್ತಿತ್ತು. ಪ್ರತಿ ಸಲ ಮನೆಯಲ್ಲಿ ಜಗಳ. ಹೋದ ಸಲವೂ ನಾನೇ ಹೊರಗೆ, ಈ ಸಲವೂ ನಾನೇ ಹೊರಗೆ ಅಂತ.

ಹಾಗಾದರೆ ಅಗಲವಾಗಿ ಕಾಣುವ ಲೆನ್ಸು ತರಬೇಕು. ಯಾವುದು? ಮೂವತ್ತೈದು ಮಿಲಿಮೀಟರಿನದೋ, ಇಪ್ಪತ್ತೆಂಟೋ, ಇಪ್ಪತ್ತೊಂದೋ? ಸಂಖ್ಯೆ ಇಳಿದಷ್ಟೂ ನೋಟ ಅಗಲ. ಸಂಬಳದಲ್ಲಿ ಬರುವುದು ಒಂದೇ, ಅದೂ ಯಾರೋ ಬಳಸಿ ಬಿಟ್ಟದ್ದು. ಒಂದೇ ಅಂದಮೇಲೆ ಅದು ದಿನಾಲೂ ಒದಗಬೇಕು. ನೋಡಿ, ಬನಪ್ಪ ಇದನ್ನು ಎರಡು ವರ್ಷ ಯೋಚಿಸಿದ. ಎರಡು ದಿನ ಅಲ್ಲ, ಎರಡು ತಿಂಗಳಲ್ಲ, ಎರಡು ವರ್ಷ! ಉಣ್ಣುವಾಗ ಅದೇ ಮಾತು, ಮಲಗುವಾಗ ಅದೇ ಮಾತು. ನಗುತ್ತೀರಾ? ಸೊಸೆ ಹುಡುಕುವಾಗ ನೀವೇನು ಕಡಿಮೆ ಯೋಚಿಸಿದಿರಾ?

ಆ ಎರಡು ವರ್ಷದಲ್ಲಿ ಮನೆಯೊಳಗೆ ಇನ್ನೊಂದು ನಡೆದಿತ್ತು. ಹಿರಿಯಣ್ಣನಿಗೆ ಕೈಮಗ್ಗವೇ ಉಸಿರು, ನಡುವಿನವನಿಗೆ ಪವರ್‌ಲೂಮ್ ಬೇಕು. ಮಾತಿಗೆ ಮಾತು ಬೆಳೆಯಿತು, ಆಮೇಲೆ ಮಾತೇ ನಿಂತಿತು. ಎಂಟು ತಿಂಗಳು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಕೊನೆಗೆ ಪಡಸಾಲೆಯ ನಡುವೆ ಗೋಡೆ ಎಬ್ಬಿಸುವುದೆಂದು ತೀರ್ಮಾನವಾಯಿತು. ಸೋಮವಾರ ಗೌಂಡಿ ಬರುವವನಿದ್ದ.

ಹಿರಿಯಣ್ಣನ ಹೆಂಡತಿ ಶಾಕವ್ವ. ಬನಪ್ಪನನ್ನು ಎತ್ತಿ ಆಡಿಸಿದ ಅತ್ತಿಗೆ. ಶುಕ್ರವಾರ ರೊಟ್ಟಿ ಬಡಿಯುತ್ತಲೇ ಅವನನ್ನು ಕರೆದಳು.

"ಬನಪ್ಪಾ, ಈ ಪಡಸಾಲ್ಯಾಗ ಹನ್ನೊಂದೂ ಮಂದಿ ಕೂತದ್ದು ಒಂದ ಫೋಟೊ ತಗಿಯೋ. ಯಾರ ಕಿವೀನೂ ಹೊರಗ ಉಳೀಬಾರದು. ಸೋಮವಾರ ಗ್ವಾಡಿ ಎದ್ದ ಮ್ಯಾಲ ನೀ ಯಾವ ಲೆನ್ಸ ತಂದ್ರೂ ಆಚೀಕಡೀಗಿನವ್ರು ಕಾಣೂದಿಲ್ಲ."

ಬನಪ್ಪ ಶನಿವಾರ ಬೆಳಗಿನ ಬಸ್ಸಿಗೇ ಹುಬ್ಬಳ್ಳಿಗೆ ಓಡಿದ. ಅಲ್ಲಿ ದಸ್ತಗೀರಸಾಬ ಅಂತ ಕ್ಯಾಮೆರಾ ರಿಪೇರಿಯವನು. ಇವನನ್ನು ಕಂಡಕೂಡಲೇ ಕೈಮುಗಿದ.

"ಬರ್ರಿ ಮಾಸ್ತರ! ಎರಡ ವರ್ಷದಿಂದ ಹಿಡದ ಹಿಡದ ನೋಡಿ ನನ್ನ ಲೆನ್ಸೆಲ್ಲ ಸವಿಸೀರಿ. ಇವತ್ತರ ಒಂದ ಒಯ್ತೀರೋ, ಮತ್ತ ಚಾ ಕುಡದ ಹೋಗ್ತೀರೋ?"

"ಇಪ್ಪತ್ತೊಂದು ಕೊಟ್ಟಬಿಡ್ರಿ. ಇಡೀ ಮನೀನ ಬರಬೇಕಂತ ನಮ್ಮ ಅತ್ತಿಗಿ ಹೇಳ್ಯಾಳ," ಅಂದ ಬನಪ್ಪ.

"ಮನಿ ಬರತೈತ್ರಿ. ಅಂಚಿನ್ಯಾಗ ಕುಂತವ್ರ ಮುಖ ಜಗ್ಗಿ ಸೌತಿಕಾಯಿ ಆಗತೈತಿ. ನಿಮ್ಮ ಅತ್ತಿಗಿಯವ್ರು ಸುಮ್ನ ಬಿಡ್ತಾರೇನು? ಬಾಗಲದಿಂದ ಎದುರಿನ ಗ್ವಾಡಿಗೆ ಎಷ್ಟ ಹೆಜ್ಜಿ?"

ಬನಪ್ಪ ಕಣ್ಣು ಮುಚ್ಚಿ ಪಡಸಾಲೆಯನ್ನು ನೆನೆದು ಅಂಗಡಿಯಲ್ಲೇ ಹೆಜ್ಜೆ ಹಾಕಿದ. ಒಂದು, ಎರಡು, ಹೀಗೆ ಏಳಕ್ಕೆ ನೆನಪಿನ ಗೋಡೆ ಬಂತು. ಎಂಟನೆಯದಕ್ಕೆ ಸಾಬನ ಸ್ಟೂಲಿಗೆ ಮೊಣಕಾಲು ಬಡಿಯಿತು.

"ಏಳಕ್ಕ ಮೂವತ್ತೈದು ಸಾಲೂದಿಲ್ಲ. ಇಪ್ಪತ್ತೆಂಟು ತಗೋರಿ. ಅದರಾಗೂ ಈ ದೊಡ್ಡ ಬಾಯಿದು ಬ್ಯಾಡ, ನೀವು ನೋಡೂ ಕಿಟಕಿಗೇ ಅಡ್ಡ ಬರತೈತಿ. ಈ ಸಣ್ಣದು ಒಯ್ರಿ, ದಿನಾ ಕೊಳ್ಳಾಗ ಇದ್ರೂ ಭಾರ ಅನಸೂದಿಲ್ಲ. ಒಂದ ಮಾತು, ದೂರ ನಿಂತ್ರ ಇದರಾಗ ಮಂದಿ ಇರುವಿ ಕಂಡಂಗ ಕಾಣ್ತಾರ. ಸನೇಕ ಹೋಗಬೇಕು."

ಎರಡು ವರ್ಷದ ಚಿಂತೆ ಹತ್ತು ನಿಮಿಷಕ್ಕೆ ಹರಿಯಿತು! ಮಾಸ್ತರ ಇದ್ದಬದ್ದದ್ದನ್ನೆಲ್ಲ ಕೊಟ್ಟು ಲೆನ್ಸನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಮನೆಗೆ ಬಂದ. ಮನೆಯಲ್ಲಿ ಉಳಿದಿದ್ದ ಫಿಲ್ಮ್ ರೋಲು ಒಂದೇ ಒಂದು. ಇನ್ನೊಂದು ತರಲು ಕೈಯಲ್ಲಿ ಕಾಸಿರಲಿಲ್ಲ.

ಭಾನುವಾರ ಬೆಳಿಗ್ಗೆ ಬೆಳಕಿಂಡಿಯಿಂದ ಬಿಸಿಲು ಇಳಿದಿತ್ತು. ಶಾಕವ್ವ ಗದರಿ ಗದರಿ ಎಲ್ಲರನ್ನೂ ತಮ್ಮ ತಮ್ಮ ಮಗ್ಗಕ್ಕೆ ಕೂರಿಸಿದಳು. ಹಿರಿಯಣ್ಣ ಈ ತುದಿಗೆ, ನಡುವಿನವನು ಆ ತುದಿಗೆ. ಒಬ್ಬನ ಮುಖ ಮೂಡಲಕ್ಕೆ, ಇನ್ನೊಬ್ಬನದು ಪಡುವಲಕ್ಕೆ. ಬನಪ್ಪ ಬಾಗಿಲಲ್ಲಿ ನಿಂತು ಕ್ಯಾಮೆರಾ ಎತ್ತಿ ಕಣ್ಣಿಟ್ಟ. ಹೊಸ ಲೆನ್ಸಿಗೆ ತಕ್ಕಂತೆ ಕಿಟಕಿಯಲ್ಲಿ ಅಗಲವಾಗಿದ್ದ ಗೆರೆಯ ಚೌಕಟ್ಟಿನೊಳಗೆ ಎಣಿಸಿದ. ಒಂಬತ್ತು, ಹತ್ತು, ಹನ್ನೊಂದು!

"ಯವ್ವಾ! ಎಲ್ಲಾರೂ ಬಂದ್ರಿ! ಎಲ್ಲಾರೂ ಅದೀರಿ!" ಅಂತ ಕೂಗಿಯೇಬಿಟ್ಟ. ಕಣ್ಣಲ್ಲಿ ನೀರು ತುಂಬಿತು. ಎಷ್ಟು ಸಂತೋಷ ಅಂತೀರಿ! ಬಾಗಿಲಿಂದ ತೆಗೆದ, ಮೂಲೆಯಿಂದ ತೆಗೆದ, ಮಗ್ಗದ ಕುಣಿಗೇ ಇಳಿದು ತೆಗೆದ, ಅಟ್ಟದ ಮೆಟ್ಟಿಲು ಹತ್ತಿ ತೆಗೆದ. ಮೂವತ್ತಾರು ಚಿತ್ರದ ರೋಲಿನಲ್ಲಿ ಮೂವತ್ನಾಲ್ಕು ಮುಗಿದವು.

ಆಗ ಶಾಕವ್ವ ಮಗ್ಗದಿಂದ ಕತ್ತು ಉದ್ದ ಮಾಡಿ ನೋಡಿದಳು.

"ಏ ಬನಪ್ಪಾ, ತಿಳೀಲಾರದಕ್ಕ ಕೇಳ್ತೀನಿ. ನಿನ್ನ ಹೊಸಾ ಲೆನ್ಸಿನ ಬಾಯಿಗೆ ಕರೇದೇನೋ ಮುಚ್ಚೇತಲ್ಲ, ಅದು ಹಂಗ ಇರಬೇಕೇನು?"

ಬನಪ್ಪ ಕ್ಯಾಮೆರಾ ತಿರುಗಿಸಿ ನೋಡಿದ. ಮುಚ್ಚಳ! ಲೆನ್ಸಿನ ಮೇಲೆ ಹಾಕಿದ್ದ ಮುಚ್ಚಳವನ್ನು ತೆಗೆದೇ ಇರಲಿಲ್ಲ. ಮೂವತ್ನಾಲ್ಕು ಸಲ ಕತ್ತಲೆಯ ಫೋಟೊ ತೆಗೆದಿದ್ದ.

ಅದು ಹೇಗೆ ಗೊತ್ತಾಗಲಿಲ್ಲ ಅಂತ ಕೇಳುತ್ತೀರಾ? ಇಲ್ಲೇ ಇದೆ ನೋಡಿ ಗುಟ್ಟು. ಬೇರೆ ಕ್ಯಾಮೆರಾಗಳಲ್ಲಿ ಲೆನ್ಸಿನ ಮೂಲಕವೇ ನೋಡುತ್ತೀರಿ. ಮುಚ್ಚಿದ್ದರೆ ಕಪ್ಪು ಕಾಣುತ್ತದೆ, ತಿಳಿಯುತ್ತದೆ. ಈ ಜಾತಿಯದಕ್ಕೆ ನೋಡುವ ಕಿಟಕಿ ಬೇರೆ, ಬೆಳಕು ಒಳಗೆ ಹೋಗುವ ದಾರಿ ಬೇರೆ. ಕಿಟಕಿಯಲ್ಲಿ ಹನ್ನೊಂದು ಮುಖವೂ ಫಳಫಳ ಹೊಳೆಯುತ್ತಿದ್ದವು. ಒಳಗೆ ಒಂದೂ ಇಳಿಯಲಿಲ್ಲ.

ಬನಪ್ಪ ನೆಲದ ಮೇಲೆ ಕುಸಿದು ಕೂತ. ಶಾಕವ್ವನ ಕಣ್ಣು ತುಂಬಿ ಬಂತು. ಆಗ ಆ ತುದಿಯಿಂದ ನಡುವಿನವನು ಕಿಸಕ್ಕನೆ ನಕ್ಕು, ತಡೆಯಲಾರದೆ ಬಾಯಿ ಬಿಟ್ಟ.

"ಅಣ್ಣಾ, ನೆಂಪೈತೇನು? ಇಂವಾ ಸಣ್ಣಾಂವ ಇದ್ದಾಗ ಕಾಲಾಗ ಚಪ್ಪಲಿ ಹಾಕ್ಕೊಂಡ ಊರೆಲ್ಲಾ ಚಪ್ಪಲಿ ಹುಡಕಿದ್ದ!"

ಅಣ್ಣಾ! ಎಂಟು ತಿಂಗಳ ಮೇಲೆ ಆ ಮನೆಯಲ್ಲಿ ಆ ಮಾತು ಕೇಳಿತು. ಹಿರಿಯಣ್ಣ ತಲೆ ಎತ್ತಿದ. ಮೀಸೆ ಅಲುಗಿತು. "ಆ ಚಪ್ಪಲಿ ನೀನ ಬಚ್ಚಿಟ್ಟಿ ಅಂತ ನಮ್ಮಪ್ಪನ ಕಡಿಂದ ಬೈಸಿಕೊಂಡಾಂವ ಮತ್ತ ನೀನ!" ಅಂದವನೇ ಹೊಟ್ಟೆ ಹಿಡಿದುಕೊಂಡು ನಗತೊಡಗಿದ. ಹನ್ನೊಂದು ಜನವೂ ನಕ್ಕರು. ನಗುತ್ತ ನಗುತ್ತ ಒಬ್ಬರ ಮೇಲೊಬ್ಬರು ಬಿದ್ದರು.

"ತಗಿಯೋ ಮಾಸ್ತರ, ಈಗ ತಗಿ! ಮುಚ್ಚಳ ತಗದು ತಗಿ!" ಅಂತ ಶಾಕವ್ವ ಕಿರುಚಿದಳು.

ಉಳಿದ ಎರಡನ್ನೂ ತೆಗೆದ. ಒಂದು ಅಲುಗಿ ಕೆಟ್ಟಿತು. ಇನ್ನೊಂದರಲ್ಲಿ ಹನ್ನೊಂದೂ ಜನ ಇದ್ದಾರೆ, ಎಲ್ಲರ ಬಾಯಿಯೂ ತೆರೆದಿದೆ, ಯಾರೂ ಕ್ಯಾಮೆರಾ ನೋಡುತ್ತಿಲ್ಲ. ಅಣ್ಣ ತಮ್ಮನನ್ನು ನೋಡುತ್ತಿದ್ದಾನೆ.

ಎಲ್ಲರೂ ಎದ್ದುಹೋದ ಮೇಲೆ ಶಾಕವ್ವ ಬನಪ್ಪನ ತಲೆಗೆ ಮೆಲ್ಲಗೊಂದು ಮೊಟಕಿದಳು. "ಎರಡ ವರ್ಷ ನನಗ ಗಾಜಿನ ಸುದ್ದಿ ಹೇಳಿದಿ. ಇವರಿಬ್ಬರೂ ಮಾತ ಬಿಟ್ಟದ್ದ ನಿನ್ನ ಕಣ್ಣಮುಂದ. ಒಂದ ದಿನ ಹೋಗಿ, ಯಾಕೋ ಅಣ್ಣಾ ಅಂತ ಕೇಳಿದೇನು?"

ಮಾಸ್ತರ ನಾಚಿಕೆಯಿಂದ ತಲೆ ತಗ್ಗಿಸಿದ. ಆದರೆ ಅವತ್ತು ಸಂಜೆಯೇ ಹೋದ. ನಡುವಿನಣ್ಣನ ಹತ್ತಿರ ಕೂತ, ಹಿರಿಯಣ್ಣನ ಹತ್ತಿರ ಕೂತ. ಫೋಟೊದ ಮಾತು ಎತ್ತಲಿಲ್ಲ, ಅವರು ಹೇಳಿದ್ದನ್ನು ಪೂರ್ತಿ ಕೇಳಿದ.

ಸೋಮವಾರ ಗೋಡೆ ಎದ್ದಿತೇ? ಎದ್ದಿತು. ನಿಮ್ಮನ್ನು ಖುಷಿಪಡಿಸಲು ಸುಳ್ಳು ಹೇಳಲಾರೆ. ಪವರ್‌ಲೂಮ್ ಬಂತು, ಕೈಮಗ್ಗವೂ ಉಳಿಯಿತು. ಗೌಂಡಿ "ಎಷ್ಟ ಎತ್ತರ ಮಾಡ್ಲಿ?" ಅಂತ ಕೇಳಿದಾಗ ಅಣ್ಣತಮ್ಮಂದಿರು ಪರಸ್ಪರ ಮುಖ ನೋಡಿದರು. "ಟೊಂಕದ ಮಟ ಸಾಕು," ಅಂದ ಹಿರಿಯಣ್ಣ. ಈಗ ಆ ಗೋಡೆಯ ಮೇಲೆ ಎರಡೂ ಕಡೆಯ ಚಹಾದ ಕಪ್ಪು ಇಡುತ್ತಾರೆ.

ಇನ್ನು ನಿಮ್ಮ ಸರದಿ. ಬನಪ್ಪನಿಗೆ ನಕ್ಕಿರಿ, ಚೆನ್ನಾಗಿ ನಕ್ಕಿರಿ. ನಿಮ್ಮ ಮುಚ್ಚಳ ತೆಗೆದಿದ್ದೀರಾ? ಹೆಂಡತಿ ಎದುರಿಗೆ ಕಾಣುತ್ತಾಳೆ, ಮಗ ಕಾಣುತ್ತಾನೆ, ತಮ್ಮ ಕಾಣುತ್ತಾನೆ. ಕಂಡಿದ್ದೆಲ್ಲ ಒಳಗೆ ಇಳಿಯಿತು ಅಂದುಕೊಂಡಿದ್ದೀರಿ. ಹೌದಾ? ಹಾಗಾದರೆ ಹೇಳಿ, ನಿಮ್ಮ ಮನೆಯಾಕೆಗೆ ಯಾವ ಮೊಣಕಾಲು ನೋಯುತ್ತದೆ? ಎಡದ್ದೋ, ಬಲದ್ದೋ? ನೋಡಿ, ನೋಡಿ, ಗಂಡಸರೆಲ್ಲ ಈಗ ಹೆಂಗಸರ ಕಡೆ ತಿರುಗಿದರು! ಫೋನು ಕೊಳ್ಳಲು ತಿಂಗಳುಗಟ್ಟಲೆ ವಿಚಾರಿಸುತ್ತೀರಿ, ಗಾಡಿ ಕೊಳ್ಳಲು ಊರೆಲ್ಲ ಸುತ್ತುತ್ತೀರಿ. ಮನೆಯವರನ್ನು ವಿಚಾರಿಸಲು ಎಷ್ಟು ಹೊತ್ತು ಬೇಕು?

ನಾನು ದೊಡ್ಡ ವ್ರತ ಹೇಳುವುದಿಲ್ಲ. ಒಂದೇ ಕೆಲಸ, ಇವತ್ತಿನಿಂದ ದಿನಾಲೂ ಮಾಡಿ. ಮನೆಗೆ ಹೋಗಿ ಕೈಕಾಲು ತೊಳೆದು ಊಟಕ್ಕೆ ಕೂರುತ್ತೀರಲ್ಲ, ಫೋನನ್ನು ಬೇರೆ ಕೋಣೆಯಲ್ಲಿಡಿ. ಬಡಿಸುವ ಕೈ ಯಾರದೋ ಅವರ ಮುಖ ನೋಡಿ, "ನೀ ಉಂಡ್ಯೇನು?" ಅಂತ ಕೇಳಿ. ಮೊದಲ ದಿನ ಅವರು ಗಾಬರಿಯಾಗುತ್ತಾರೆ, ಏನಾಯಿತು ಇವರಿಗೆ ಅಂತ ಹಣೆ ಮುಟ್ಟಿ ನೋಡಿದರೂ ನೋಡಿಯಾರು. ನೋಡಲಿ. ಕೇಳಿ ಸುಮ್ಮನಾಗಬೇಡಿ, ಉತ್ತರ ಬರುವ ತನಕ ತುತ್ತು ಎತ್ತಬೇಡಿ.